ವಚನ ಪಿತಾಮಹ ಫ. ಗು. ಹಳಕಟ್ಟಿಯವರು



ಈ ಸಲ ಗೋಡೆ ಪತ್ರಿಕೆಗೆ ಮಹಾಪುರುಷರ ಜೀವನ ಚರಿತ್ರೆ ಬರೆಯುವ ಪಾಳಿ ನನ್ನದು. ಕಿತ್ತೂರ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಗಾಂಧೀಜಿ ಇವರ ಚರಿತ್ರೆ ನಮಗೆಲ್ಲ ಗೊತ್ತಿದೆ. ಆದ್ದರಿಂದ ನಾನು ಯುದ್ಧ ಮಾಡದ, ರಾಜ್ಯ ಆಳದ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಅವರು ಜೀವನಪೂರ್ತಿ ಮಾಡಿದ್ದು ಒಂದೇ ಕೆಲಸ ಅಂತ ಹೇಳಬಹುದು. ಹಳೆಯ ಓಲೆಗರಿ ಹುಡುಕಿದರು, ಓದಿದರು, ಅಚ್ಚು ಹಾಕಿಸಿದರು. ಇದರಲ್ಲಿ ಅಂಥಾ ದೊಡ್ಡದೇನು ಅಂತ ನಿಮಗೆ ಅನ್ನಿಸಬಹುದು. ಪೂರ್ತಿ ಓದಿರಿ, ಆಮೇಲೆ ಹೇಳಿರಿ.

ನಮ್ಮ ಜಿಲ್ಲೆಯವರೇ

ಫ. ಗು. ಹಳಕಟ್ಟಿಯವರು ಹುಟ್ಟಿದ್ದು ಧಾರವಾಡದಲ್ಲಿ. ಆದರೆ ಬಾಳಿ ಬದುಕಿದ್ದು ವಿಜಾಪುರದಲ್ಲಿ. ಆಗ ಅದಕ್ಕೆ ಬಿಜಾಪುರ ಅಂತಿದ್ದರು, 2014ರಿಂದ ಸರಕಾರದ ಲೆಕ್ಕದಲ್ಲಿ ವಿಜಯಪುರ ಆಗಿದೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆ ಆಗುವವರೆಗೆ ನಮ್ಮ ಮರೋಳವೂ ಅದೇ ಜಿಲ್ಲೆಯಲ್ಲಿತ್ತು. ಅಂದರೆ ಹಳಕಟ್ಟಿಯವರ ಕಾಲದಲ್ಲಿ ನಮ್ಮ ಮುತ್ತಜ್ಜಂದಿರು ಮತ್ತು ಅವರು ಒಂದೇ ಜಿಲ್ಲೆಯವರು. ಅಷ್ಟೇ ಅಲ್ಲ, ಯಾವ ಬಸವಣ್ಣನವರ ವಚನಗಳಿಗಾಗಿ ಅವರು ಜೀವ ತೇಯ್ದರೋ ಆ ಬಸವಣ್ಣನವರು ಐಕ್ಯವಾದ ಕೂಡಲಸಂಗಮ ನಮ್ಮ ಹುನಗುಂದ ಸೀಮೆಯಲ್ಲೇ ಇದೆ. ಅಲ್ಲಿ ಕೃಷ್ಣೆ ಮತ್ತು ಮಲಪ್ರಭೆ ಕೂಡುತ್ತವೆ. ಹಿಂಗಾಗಿ ಈ ಚರಿತ್ರೆ ದೂರದ್ದಲ್ಲ.

ಜನನ ಮತ್ತು ಬಾಲ್ಯ

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಹುಟ್ಟಿದರು. ತಂದೆ ಗುರುಬಸಪ್ಪ, ತಾಯಿ ದಾನಮ್ಮ. ಅವರ ಪೂರ್ಣ ಹೆಸರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ನಮ್ಮ ಕಡೆ ಮೊದಲು ತನ್ನ ಹೆಸರು, ಆಮೇಲೆ ತಂದೆ ಹೆಸರು, ಕೊನೆಗೆ ಅಡ್ಡಹೆಸರು ಬರೆಯುತ್ತಾರಲ್ಲ, ಹಾಗೆ. ಫಕೀರ ಅಂದರೆ ತನಗಾಗಿ ಏನೂ ಇಟ್ಟುಕೊಳ್ಳದವನು. ಮುಂದೆ ಅವರ ಜೀವನ ನೋಡಿದರೆ ಈ ಹೆಸರು ಸರಿಯಾಗೇ ಇಟ್ಟಿದ್ದರು ಅನಿಸುತ್ತದೆ.

ತಂದೆ ಗುರುಬಸಪ್ಪನವರು ಶಾಲೆಯ ಮಾಸ್ತರರು. ಪುಸ್ತಕಗಳನ್ನೂ ಬರೆಯುತ್ತಿದ್ದರು. ಹಿಂಗಾಗಿ ಮನೆಯಲ್ಲಿ ಓದು ಬರಹದ ಗಾಳಿ ಇತ್ತು. ಆದರೆ ಫಕೀರಪ್ಪ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ಅವರನ್ನು ಅಜ್ಜಿ ಸಾಕಿ ದೊಡ್ಡವರನ್ನಾಗಿ ಮಾಡಿದರು.

ಆಗ ಧಾರವಾಡದಲ್ಲಿ ಕನ್ನಡದ ಸಲುವಾಗಿ ಜನ ಎಚ್ಚರಾಗುತ್ತಿದ್ದ ಕಾಲ. 1890ರಲ್ಲಿ ಅಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಆಗ ಫಕೀರಪ್ಪನವರಿಗೆ 10 ವರ್ಷ, ಅಂದರೆ ನಮ್ಮ ಶಾಲೆಯ ಐದನೆಯ ತರಗತಿ ಹುಡುಗರಷ್ಟು. ಅವರು ಧಾರವಾಡದಲ್ಲೇ ಕಲಿತು 1896ರಲ್ಲಿ ಮೆಟ್ರಿಕ್ ಪಾಸಾದರು.

ಮುಂಬಯಿಯಲ್ಲಿ ಕಂಡದ್ದು

ಮುಂದೆ ಕಲಿಯಲು ಮುಂಬಯಿಗೆ ಹೋದರು. ಯಾಕೆಂದರೆ ಆಗ ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳೆಲ್ಲ ಬ್ರಿಟಿಷರ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಓದಿ 1901ರಲ್ಲಿ ಬಿ.ಎ. ಆದರು. 1904ರಲ್ಲಿ ವಕೀಲಿ ಪರೀಕ್ಷೆ ಮುಗಿಸಿದರು. ಮುಂದೆ ಕರ್ನಾಟಕದ ಕುಲಪುರೋಹಿತ ಅಂತ ಹೆಸರಾದ ಆಲೂರು ವೆಂಕಟರಾಯರು ಅಲ್ಲಿ ಅವರ ಜೊತೆಗಾರರು.

ಮುಂಬಯಿಯಲ್ಲಿ ಅವರು ಒಂದು ಸಂಗತಿ ಕಂಡರು. ಮರಾಠಿಯವರು ಮರಾಠಿಯ ಬಗ್ಗೆ, ಗುಜರಾತಿಯವರು ಗುಜರಾತಿಯ ಬಗ್ಗೆ ಎಷ್ಟು ಅಭಿಮಾನ ಪಡುತ್ತಾರೆ. ತಮ್ಮ ಸಂತರ ಪುಸ್ತಕ ಅಚ್ಚು ಹಾಕುತ್ತಾರೆ, ಪತ್ರಿಕೆ ನಡೆಸುತ್ತಾರೆ. ಕನ್ನಡಿಗರು ಮಾತ್ರ ಸುಮ್ಮನೆ ಕುಳಿತಿದ್ದಾರೆ. ಆಗ ಕನ್ನಡ ನಾಡು ಅಂತ ಒಂದು ನಾಡೇ ಇರಲಿಲ್ಲ. ಸ್ವಲ್ಪ ಮುಂಬಯಿ ಪ್ರಾಂತದಲ್ಲಿ, ಸ್ವಲ್ಪ ಮದ್ರಾಸ ಪ್ರಾಂತದಲ್ಲಿ, ಸ್ವಲ್ಪ ಹೈದರಾಬಾದ ನಿಜಾಮನ ಕೈಯಾಗ, ಸ್ವಲ್ಪ ಮೈಸೂರ ಮಹಾರಾಜರ ಕೈಯಾಗ, ಕೊಡಗು ಬೇರೆ. ಒಂದೇ ರೊಟ್ಟಿ ಮುರಿದು ನಾಕು ಮನಿಗೆ ಹಂಚಿದ ಹಾಗೆ ಇತ್ತು. ನಾಡು ಇಲ್ಲದಿದ್ದರೂ ಭಾಷೆ ಇದೆ, ಭಾಷೆಯಲ್ಲಿ ದೊಡ್ಡ ಸಾಹಿತ್ಯ ಇದೆ, ಅದನ್ನು ಹೊರಗೆ ತಂದರೆ ನಾಡು ತಾನೇ ಎದ್ದು ನಿಲ್ಲುತ್ತದೆ ಎಂಬ ವಿಚಾರ ಅವರಂಥ ತರುಣರ ತಲೆಯಲ್ಲಿ ಬಂತು.

ವಕೀಲ ಹಳಕಟ್ಟಿಯವರು

1904ರಲ್ಲಿ ಬೆಳಗಾವಿಯಲ್ಲಿ ವಕೀಲಿ ಶುರು ಮಾಡಿ, ಸ್ವಲ್ಪ ದಿನದಲ್ಲೇ ಬಿಜಾಪುರಕ್ಕೆ ಬಂದರು. ಒಳ್ಳೆಯ ವಕೀಲರೆಂದು ಹೆಸರಾದರು. ಮುಂದೆ ಸರಕಾರಿ ವಕೀಲರೂ ಆದರು. ಮುಂಬಯಿಯ ಶಾಸನ ಸಭೆಗೂ ಹೋಗಿ ಬಂದರು. ಸರಕಾರ ರಾವ್ ಬಹಾದ್ದೂರ್ ಪದವಿ ಕೊಟ್ಟಿತು. ಅವರ ಹೆಂಡತಿ ಭಾಗೀರಥಿಬಾಯಿ.

ಆಗಿನ ಕಾಲದಲ್ಲಿ ವಕೀಲರೆಂದರೆ ಬಂಗಲೆ, ಕುದುರೆ ಗಾಡಿ, ಹೊಲ ಮನೆ ಎಲ್ಲಾ ಮಾಡಿಕೊಳ್ಳಬಹುದಿತ್ತು. ಹಳಕಟ್ಟಿಯವರೂ ಮನಸ್ಸು ಮಾಡಿದ್ದರೆ ಹಾಗೇ ಆಗುತ್ತಿತ್ತು. ಆದರೆ ಅವರ ಕೈಗೆ ಓಲೆಗರಿಯ ಕಟ್ಟು ಸಿಕ್ಕವು.

ಓಲೆಗರಿ ಅಂದರೇನು?

ಚಿಕ್ಕ ತರಗತಿಯವರಿಗಾಗಿ ಇದನ್ನು ಬಿಡಿಸಿ ಬರೆಯುತ್ತೇನೆ. ಹಿಂದಿನ ಕಾಲದಲ್ಲಿ ಕಾಗದ ಇರಲಿಲ್ಲ. ತಾಳೆ ಮರದ ಗರಿಯನ್ನು ಹದ ಮಾಡಿ, ಉದ್ದಕ್ಕೆ ಪಟ್ಟಿಯ ಹಾಗೆ ಕತ್ತರಿಸಿ, ಅದರ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದು ಬರೆಯುತ್ತಿದ್ದರು. ಆ ಮೊನೆಗೆ ಕಂಠ ಅನ್ನುತ್ತಾರೆ. ಕೊರೆದ ಮೇಲೆ ಮಸಿ ತಿಕ್ಕಿ ಒರೆಸಿದರೆ ಕೊರೆದ ಗೆರೆಯಲ್ಲಿ ಕಪ್ಪು ಉಳಿದು ಅಕ್ಷರ ಕಾಣುತ್ತವೆ. ಗರಿಗೆ ತೂತು ಮಾಡಿ ದಾರ ಪೋಣಿಸಿ, ಮೇಲೆ ಕೆಳಗೆ ಕಟ್ಟಿಗೆಯ ಹಲಗೆ ಇಟ್ಟು ಕಟ್ಟುತ್ತಿದ್ದರು. ಅದಕ್ಕೇ ಅದು ಕಟ್ಟು. ತಾಡೋಲೆ ಅಂತಲೂ ಹೇಳುತ್ತಾರೆ.

ಬಸವಣ್ಣನವರು, ಅಲ್ಲಮಪ್ರಭುಗಳು, ಅಕ್ಕಮಹಾದೇವಿ ಇವರೆಲ್ಲ ಇದ್ದದ್ದು 12ನೆಯ ಶತಮಾನದಲ್ಲಿ. ಅವರ ವಚನಗಳನ್ನು ಒಬ್ಬರಿಂದ ಒಬ್ಬರು ನಕಲು ಮಾಡುತ್ತಾ ಬಂದರು. ಒಂದು ಗರಿ ಹಳೆಯದಾಗಿ ಮುರಿಯುವದರೊಳಗೆ ಇನ್ನೊಂದು ಗರಿಗೆ ಬರೆದುಕೊಳ್ಳಬೇಕು. ಬರೆದುಕೊಳ್ಳಲಿಲ್ಲ ಅಂದರ ಮುಗೀತು, ಆ ವಚನ ಹೋತು.

ಹಳಕಟ್ಟಿಯವರ ಕಾಲಕ್ಕೆ ಈ ಕಟ್ಟುಗಳು ಮಠಗಳಲ್ಲಿ, ಹಳ್ಳಿ ಮನೆಗಳಲ್ಲಿ ಇದ್ದವು. ಆದರೆ ಓದುವವರು ಇರಲಿಲ್ಲ. ದೇವರ ಜಗಲಿ ಮೇಲೆ ಇಟ್ಟು ವಿಭೂತಿ ಹಚ್ಚಿ, ಹೂ ಏರಿಸಿ, ಪೂಜೆ ಮಾಡುತ್ತಿದ್ದರು. ಬಿಚ್ಚಿ ನೋಡುತ್ತಿರಲಿಲ್ಲ. ಕೆಲವು ಅಟ್ಟದ ಮೇಲೆ ಒರಲಿ ಹತ್ತಿ ಮಣ್ಣಾದವು. ಇನ್ನು ಕೆಲವನ್ನು ಪವಿತ್ರ ವಸ್ತು, ಕಂಡಲ್ಲಿ ಒಗೆಯಬಾರದು ಅಂತ ಹೊಳೆಗೆ ಬಿಟ್ಟರು. ಭಕ್ತಿಯಿಂದಲೇ ಬಿಟ್ಟರು, ಆದರೆ ನೀರಿಗೆ ಹೋದದ್ದು ತಿರುಗಿ ಬರಲಿಲ್ಲ.

ಹುಡುಕಾಟ

ನಮ್ಮ ಈಗಿನ ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿ ಕಡೆ ಹೋದಾಗ ಒಂದು ಮನೆಯಲ್ಲಿ ಹಳಕಟ್ಟಿಯವರು ಇಂಥ ಕಟ್ಟುಗಳನ್ನು ನೋಡಿದರು. ಓದಿದಾಗ ಅವರಿಗೆ ಆಶ್ಚರ್ಯವಾಯಿತು. ಎಂಟುನೂರು ವರ್ಷದ ಹಿಂದಿನ ಮಾತು, ಆದರೂ ಮೊನ್ನೆ ಯಾರೋ ಎದುರು ಕುಳಿತು ಮಾತಾಡಿದ ಹಾಗೆ ಸರಳವಾಗಿದೆ. ರಾಜರ ಹೊಗಳಿಕೆ ಇಲ್ಲ. ದುಡಿಯುವ ಜನರ ಮಾತಿದೆ. ಇಂಥಾ ಸಾಹಿತ್ಯ ನಮ್ಮಲ್ಲಿದ್ದೂ ನಮಗೇ ಗೊತ್ತಿಲ್ಲವಲ್ಲ ಅಂತ ಅವರ ಮನಸ್ಸಿಗೆ ಹತ್ತಿತು.

ಅಲ್ಲಿಂದ ಹುಡುಕಾಟ ಶುರುವಾಯಿತು. ಕೋರ್ಟಿನ ಕೆಲಸ ಮುಗಿಸಿ ಊರೂರು ಅಲೆದರು. ಮಠದ ಸ್ವಾಮಿಗಳನ್ನು, ಮನೆಯ ಹಿರಿಯರನ್ನು ಕೇಳಿದರು. ಪೂಜೆಯ ಕಟ್ಟು ಕೊಡಲು ಎಲ್ಲರೂ ಒಪ್ಪುತ್ತಾರೇನು? ನಮ್ಮ ಮನೆಯ ಜಗಲಿ ಮೇಲಿನ ದೇವರನ್ನು ಯಾರಾದರೂ ಬಂದು ಕೇಳಿದರೆ ನಾವು ಕೊಡುತ್ತೇವೇನು? ಆದರೂ ತಾಳ್ಮೆಯಿಂದ ಹೇಳಿ, ಕೈ ಮುಗಿದು, ಕೆಲವನ್ನು ತಂದರು. ಕೆಲವನ್ನು ನಕಲು ಮಾಡಿಕೊಂಡರು. ಹೀಗೆ ನೂರಾರು ಕಟ್ಟು ಕೂಡಿದವು.

ಇಂಥ ಕೆಲಸ ಮಾಡಿದವರು ಬೇರೆ ಭಾಷೆಯಲ್ಲೂ ಇದ್ದಾರೆ. ತಮಿಳಿನಲ್ಲಿ ಉ. ವೇ. ಸ್ವಾಮಿನಾಥ ಅಯ್ಯರ್ ಎಂಬ ಮಾಸ್ತರರು (1855-1942) ಹೀಗೆಯೇ ಊರೂರು ತಿರುಗಿ ತಾಡೋಲೆ ಹುಡುಕಿ ಹಳೆಯ ತಮಿಳು ಕಾವ್ಯಗಳನ್ನು ಉಳಿಸಿದರು. ಅವರನ್ನು ತಮಿಳು ಜನ ತಮಿಳಿನ ತಾತ ಅಂತ ಕರೆಯುತ್ತಾರೆ. ನಮ್ಮ ಜನ ಹಳಕಟ್ಟಿಯವರನ್ನು ವಚನ ಪಿತಾಮಹ ಅಂತ ಕರೆದರು. ಪಿತಾಮಹ ಅಂದರೂ ಅಜ್ಜನೇ.

ಓದುವದೂ ಸುಲಭ ಅಲ್ಲ

ಕಟ್ಟು ಸಿಕ್ಕರೆ ಕೆಲಸ ಮುಗಿಯಲಿಲ್ಲ. ಓಲೆಗರಿಯಲ್ಲಿ ನಮ್ಮ ಹಾಗೆ ಶಬ್ದ ಶಬ್ದದ ನಡುವೆ ಜಾಗ ಬಿಡುವದಿಲ್ಲ. ಸಾಲು ಪೂರ್ತಿ ಒಂದೇ ಶಬ್ದದ ಹಾಗೆ ಇರುತ್ತದೆ. ಎಲ್ಲಿ ಬಿಡಿಸಬೇಕು ಅಂತ ಓದುವವರೇ ತಿಳಿಯಬೇಕು. ಅಕ್ಷರದ ರೂಪವೂ ಸ್ವಲ್ಪ ಬೇರೆ. ಕೆಲವು ಕಡೆ ಗರಿ ಮುರಿದಿರುತ್ತದೆ, ಕೆಲವು ಕಡೆ ಹುಳ ತಿಂದಿರುತ್ತದೆ. ಒಂದೇ ವಚನ ಒಂದು ಕಟ್ಟಿನಲ್ಲಿ ಒಂದು ತರಹ, ಇನ್ನೊಂದು ಕಟ್ಟಿನಲ್ಲಿ ಇನ್ನೊಂದು ತರಹ ಇರುತ್ತದೆ. ನಕಲು ಮಾಡುವಾಗ ನಾವು ಹಲಗೆ ನೋಡಿ ಬರೆದುಕೊಳ್ಳುವಾಗ ಅಕ್ಷರ ಬಿಡುತ್ತೇವಲ್ಲ, ಹಾಗೆ ಅವರೂ ಬಿಟ್ಟಿರುತ್ತಾರೆ. ಎಲ್ಲವನ್ನೂ ಪಕ್ಕ ಪಕ್ಕ ಇಟ್ಟು ತಾಳೆ ನೋಡಿ, ಯಾವುದು ಸರಿ ಅಂತ ಗೊತ್ತು ಮಾಡಬೇಕು.

ಯಾವ ವಚನ ಯಾರದು ಅಂತ ತಿಳಿಯುವದು ಅಂಕಿತದಿಂದ. ಅಂಕಿತ ಅಂದರೆ ವಚನದ ಕೊನೆಯಲ್ಲಿ ಬರುವ ದೇವರ ಹೆಸರು. ಕೂಡಲಸಂಗಮದೇವ ಅಂತ ಇದ್ದರೆ ಬಸವಣ್ಣನವರದು. ಚೆನ್ನಮಲ್ಲಿಕಾರ್ಜುನ ಅಂತ ಇದ್ದರೆ ಅಕ್ಕಮಹಾದೇವಿಯದು. ಗುಹೇಶ್ವರ ಅಂತ ಇದ್ದರೆ ಅಲ್ಲಮಪ್ರಭುಗಳದು. ಅಂಬಿಗರ ಚೌಡಯ್ಯ ಮಾತ್ರ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡಿದ್ದಾನೆ. ಅಂಕಿತ ಅಂದರೆ ವಚನದ ಸಹಿ ಇದ್ದ ಹಾಗೆ.

ಹಳಕಟ್ಟಿಯವರು ಇನ್ನೂ ಒಂದು ಕೆಲಸ ಮಾಡಿದರು. ವಚನಗಳನ್ನು ರಾಶಿ ಹಾಕಿ ಸುಮ್ಮನೆ ಬಿಡಲಿಲ್ಲ. ಯಾವ ವಚನ ಯಾವ ವಿಷಯಕ್ಕೆ ಸೇರುತ್ತದೆ ಅಂತ ವಿಂಗಡ ಮಾಡಿದರು. ಸುಗ್ಗಿಯಲ್ಲಿ ರಾಶಿ ಮಾಡಿದ ಮೇಲೆ ಜೋಳ ಬೇರೆ, ಕಡಲಿ ಬೇರೆ ಚೀಲ ತುಂಬುತ್ತಾರಲ್ಲ, ಹಾಗೆ. ಆ ದೊಡ್ಡ ಸಂಗ್ರಹಕ್ಕೆ ವಚನಶಾಸ್ತ್ರಸಾರ ಎಂದು ಹೆಸರಿಟ್ಟರು. 1922ರಲ್ಲಿ ಕೆಲವು ವಚನಗಳನ್ನು ಇಂಗ್ಲಿಷಿಗೆ ಮಾಡಿ ಇಂಡಿಯನ್ ಆಂಟಿಕ್ವರಿ ಎಂಬ ದೊಡ್ಡ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊರಗಿನ ವಿದ್ವಾಂಸರಿಗೂ ಕನ್ನಡದಲ್ಲಿ ಏನಿದೆ ಅಂತ ಗೊತ್ತಾಗಲಿ ಎಂದು.

ತಿರುಗಿ ಬಂದ ಕಟ್ಟು

ಆಗ ಕನ್ನಡ ಪುಸ್ತಕ ಅಚ್ಚು ಹಾಕುವದರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ ಬಹಳ ಹೆಸರುವಾಸಿ. ಹಳಕಟ್ಟಿಯವರು ವಚನಶಾಸ್ತ್ರಸಾರದ ಕೈಬರಹವನ್ನು, ಜೊತೆಗೆ 500 ರೂಪಾಯಿಯನ್ನು ಅಲ್ಲಿಗೆ ಕಳಿಸಿದರು. ಆ ಕಾಲದ 500 ರೂಪಾಯಿ ಅಂದರೆ ಬಹಳ ದೊಡ್ಡ ಮೊತ್ತ. ಆದರೆ ಅಲ್ಲಿ ಅಚ್ಚಾಗಲಿಲ್ಲ. ಕೈಬರಹವೂ ದುಡ್ಡೂ ಎರಡೂ ತಿರುಗಿ ಬಂದವು.

ಬೇರೆಯವರಾಗಿದ್ದರೆ ಇಷ್ಟಕ್ಕೇ ಕೈಬಿಡುತ್ತಿದ್ದರು. ಹಳಕಟ್ಟಿಯವರು ಬಿಡಲಿಲ್ಲ. ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಗೆ ಬಂತು. ಅದಕ್ಕೂ ಮುಂಚೆ ವಚನಗಳ ಕೆಲವು ಪುಸ್ತಕ ಅಚ್ಚಾಗಿದ್ದವು. ಆದರೆ ಇಷ್ಟು ವಚನಕಾರರನ್ನು ಒಂದೇ ಕಡೆ ಕೂಡಿಸಿ, ವಿಂಗಡಿಸಿ, ಇದು ಕನ್ನಡದ ದೊಡ್ಡ ಸಾಹಿತ್ಯ ಅಂತ ಜನರ ಮುಂದೆ ಇಟ್ಟದ್ದು ಆಗಲೇ.

ಮನೆ ಮಾರಿದ್ದು

ಪುಸ್ತಕ ಬಂದ ಮೇಲೆ ಹಳಕಟ್ಟಿಯವರಿಗೆ ಒಂದು ಗೊತ್ತಾಯಿತು. ಬೇರೆಯವರ ಮುದ್ರಣಾಲಯ ನಂಬಿ ಕುಳಿತರೆ ತಮ್ಮ ಆಯುಷ್ಯದಲ್ಲಿ ಈ ಕೆಲಸ ಮುಗಿಯುವದಿಲ್ಲ. ಹುಳಗಳು ಕಾಯುವದಿಲ್ಲ. ಅದಕ್ಕೆ ಇದ್ದ ಸ್ವಂತ ಮನೆಯನ್ನು ಮಾರಿ 1925ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಎಂಬ ಮುದ್ರಣಾಲಯ ಹಾಕಿದರು. ಮರುವರ್ಷ 1926ರಲ್ಲಿ ಶಿವಾನುಭವ ಎಂಬ ಪತ್ರಿಕೆ ಶುರು ಮಾಡಿದರು. 1927ರಲ್ಲಿ ನವಕರ್ನಾಟಕ ಎಂಬ ವಾರಪತ್ರಿಕೆ ತೆಗೆದರು. ಹೆಸರು ನೋಡಿರಿ, ಆಗ ಕರ್ನಾಟಕವೇ ಇರಲಿಲ್ಲ, ಆದರೂ ಅವರು ಹೊಸ ಕರ್ನಾಟಕ ಅಂತ ಹೆಸರಿಟ್ಟರು.

ಆಗಿನ ಅಚ್ಚು ಈಗಿನ ಹಾಗೆ ಕಂಪ್ಯೂಟರಿನದಲ್ಲ. ಸೀಸದ ಮೊಳೆಗಳು ಇರುತ್ತಿದ್ದವು. ಒಂದೊಂದು ಅಕ್ಷರಕ್ಕೆ ಒಂದೊಂದು ಮೊಳೆ, ಅದೂ ಕನ್ನಡಿಯಲ್ಲಿ ಕಂಡ ಹಾಗೆ ತಿರುವು ಮುರುವು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರ ಬೇರೆ. ಒಂದೊಂದೇ ಮೊಳೆ ಜೋಡಿಸಿ ಒಂದು ಪುಟ ಆಗಬೇಕು. ಆಮೇಲೆ ತಪ್ಪು ತಿದ್ದಬೇಕು. ಆಮೇಲೆ ಮಸಿ ಸವರಿ ಕಾಗದ ಒತ್ತಬೇಕು. ಹೀಗೆ ಒಂದೊಂದೇ ಪುಟ ಒತ್ತುತ್ತಾ ಶಿವಾನುಭವ ಪತ್ರಿಕೆಯನ್ನು 30 ವರ್ಷಕ್ಕೂ ಹೆಚ್ಚು ನಡೆಸಿದರು. ವಚನಗಳ ಜೊತೆ ಹರಿಹರ ಕವಿಯ ರಗಳೆಗಳನ್ನು, ಶೂನ್ಯಸಂಪಾದನೆಯನ್ನು, ಶರಣರ ಚರಿತ್ರೆಗಳನ್ನು ಅಚ್ಚು ಮಾಡಿದರು. ಚಂದಾದಾರರು ಕಡಿಮೆ, ಖರ್ಚು ಹೆಚ್ಚು. ವಕೀಲಿಯಿಂದ ಬಂದದ್ದೂ ಇದಕ್ಕೇ ಹೋಗುತ್ತಿತ್ತು. ತೇಪೆ ಹಚ್ಚಿದ ಕೋಟು ಹಾಕಿಕೊಂಡು, ಬಾಡಿಗೆ ಮನೆಯಲ್ಲಿ ಇದ್ದರು.

ಇದನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ ನಮ್ಮ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮನಿ ಮಾರಿದರ ಹೆಂಡತಿ ಮಕ್ಕಳು ಎಲ್ಲಿ ಇರಬೇಕು, ಆ ಹೆಣ್ಣಮಗಳನ್ನ ಯಾರರೆ ಒಂದು ಮಾತು ಕೇಳಿದರೇನು ಅಂದಳು. ಈ ಪ್ರಶ್ನೆ ನನಗೆ ಬಹಳ ದಿನ ತಲೆಯಲ್ಲಿ ಉಳಿಯಿತು. ಮಹಾಪುರುಷರ ಚರಿತ್ರೆಯಲ್ಲಿ ತ್ಯಾಗ ಮಾಡಿದರು ಅಂತ ಒಂದು ಸಾಲು ಬರುತ್ತದೆ. ಆದರೆ ತ್ಯಾಗ ಒಬ್ಬರೇ ಮಾಡುವದಿಲ್ಲ. ಭಾಗೀರಥಿಬಾಯಿಯವರು ದೊಡ್ಡ ವಕೀಲರ ಹೆಂಡತಿಯಾಗಿ ಸುಖವಾಗಿ ಇರಬಹುದಾಗಿತ್ತು. ಬಾಡಿಗೆ ಮನೆಯಲ್ಲಿ, ಓಲೆಗರಿಯ ಕಟ್ಟುಗಳ ನಡುವೆ ಸಂಸಾರ ಮಾಡಿದರು. ಹಳಕಟ್ಟಿಯವರ ಹೆಸರು ಹೇಳುವಾಗ ಅವರ ಹೆಸರನ್ನೂ ಹೇಳಬೇಕು ಅಂತ ನನಗೆ ಅನ್ನಿಸುತ್ತದೆ. ಅದಕ್ಕೇ ಇಲ್ಲಿ ಎರಡು ಸಲ ಬರೆದಿದ್ದೇನೆ.

ಯಾರ್ಯಾರು ಬೆಳಕಿಗೆ ಬಂದರು?

ಹಳಕಟ್ಟಿಯವರಿಗಿಂತ ಮುಂಚೆ ಸುಮಾರು 50 ವಚನಕಾರರ ಹೆಸರು ಮಾತ್ರ ಜನಕ್ಕೆ ಗೊತ್ತಿತ್ತು ಎಂದು ಹೇಳುತ್ತಾರೆ. ಅವರ ಕೆಲಸದ ನಂತರ 200ಕ್ಕೂ ಹೆಚ್ಚು ವಚನಕಾರರು ಬೆಳಕಿಗೆ ಬಂದರು. ಅವರ ಹೆಸರುಗಳನ್ನು ಓದಿದರೆ ಒಂದು ಊರೇ ಎದ್ದು ಬಂದ ಹಾಗೆ ಕಾಣುತ್ತದೆ. ನೋಡಿರಿ:

ಅಂಬಿಗರ ಚೌಡಯ್ಯ - ದೋಣಿ ನಡೆಸುವವರು.
ಮಡಿವಾಳ ಮಾಚಿದೇವ - ಬಟ್ಟೆ ಒಗೆಯುವವರು.
ಹಡಪದ ಅಪ್ಪಣ್ಣ - ಬಸವಣ್ಣನವರ ಜೊತೆಗೇ ಇದ್ದವರು.
ಮೇದಾರ ಕೇತಯ್ಯ - ಬಿದಿರಿನ ಬುಟ್ಟಿ ಹೆಣೆಯುವವರು.
ನುಲಿಯ ಚಂದಯ್ಯ - ಹಗ್ಗ ಹೊಸೆಯುವವರು.
ಡೋಹರ ಕಕ್ಕಯ್ಯ - ತೊಗಲು ಹದ ಮಾಡುವವರು.
ಮೋಳಿಗೆಯ ಮಾರಯ್ಯ - ಕಟ್ಟಿಗೆ ಹೊರೆ ಮಾರುವವರು.
ಆಯ್ದಕ್ಕಿ ಲಕ್ಕಮ್ಮ - ಗಂಡ ಹೆಂಡತಿ ಇಬ್ಬರೂ ಚೆಲ್ಲಿದ ಅಕ್ಕಿ ಆಯ್ದು ಜೀವನ ಮಾಡಿದವರು.

ಇದರಲ್ಲಿ ನಮ್ಮ ಊರಿನಲ್ಲಿ ಇಲ್ಲದ ಕೆಲಸ ಯಾವುದು ಹೇಳಿರಿ? ನಮ್ಮ ತರಗತಿಯಲ್ಲೂ ಇಂಥ ಕೆಲಸ ಮಾಡುವವರ ಮಕ್ಕಳೇ ಕುಳಿತಿದ್ದೇವೆ. ಎಂಟುನೂರು ವರ್ಷದ ಹಿಂದೆ ನಮ್ಮಂಥವರೇ ಅಕ್ಷರ ಕಲಿತು, ವಿಚಾರ ಮಾಡಿ, ದೊಡ್ಡವರ ಎದುರಿಗೆ ಕುಳಿತು ಮಾತಾಡಿದರು. ಹೆಣ್ಣುಮಕ್ಕಳೂ ಮಾತಾಡಿದರು. ಬೇರೆ ಕಾವ್ಯಗಳಲ್ಲಿ ರಾಜ, ರಾಣಿ, ಯುದ್ಧ ಬರುತ್ತವೆ. ಇಲ್ಲಿ ಹಗ್ಗ, ಬುಟ್ಟಿ, ದೋಣಿ, ಅಕ್ಕಿ ಬರುತ್ತವೆ. ಓಲೆಗರಿ ಒರಲಿ ತಿಂದು ಹೋಗಿದ್ದರೆ ಇವರಲ್ಲಿ ಎಷ್ಟೋ ಮಂದಿ ಇದ್ದರು ಅನ್ನುವದೇ ನಮಗೆ ಗೊತ್ತಾಗುತ್ತಿರಲಿಲ್ಲ. ರಾಜರ ಹೆಸರು ಕಲ್ಲಿನ ಶಾಸನದಲ್ಲಿ ಉಳಿಯುತ್ತದೆ. ನಮ್ಮ ಐಹೊಳೆಯಲ್ಲೇ ಪುಲಕೇಶಿ ರಾಜನ ಶಾಸನ ಇದೆಯಲ್ಲ. ಬುಟ್ಟಿ ಹೆಣೆಯುವವರಿಗೆ ಕಲ್ಲಿನಲ್ಲಿ ಯಾರು ಕೆತ್ತಿಸುತ್ತಾರೆ? ಅವರಿಗೆ ಇದ್ದದ್ದು ಓಲೆಗರಿ ಒಂದೇ.

ಶಾಲೆ ಮತ್ತು ಬ್ಯಾಂಕು

ಹಳಕಟ್ಟಿಯವರು ಪುಸ್ತಕದ ಹುಳು ಆಗಿ ಕೂಡಲಿಲ್ಲ. ಪುಸ್ತಕ ಅಚ್ಚು ಹಾಕಿದರೆ ಓದುವವರು ಬೇಕಲ್ಲ? ಬಿಜಾಪುರ ಜಿಲ್ಲೆ ಅಂದರೆ ಬರಗಾಲದ ಜಿಲ್ಲೆ. ಹೊಟ್ಟೆಗೆ ಇಲ್ಲದವರು ಮಕ್ಕಳನ್ನು ಶಾಲೆಗೆ ಹೆಂಗ ಕಳಿಸುತ್ತಾರೆ? ಅದಕ್ಕೆ 1910ರಲ್ಲಿ ಇತರ ಹಿರಿಯರ ಜೊತೆ ಸೇರಿ ಬಿಜಾಪುರ ಲಿಂಗಾಯತ ಜಿಲ್ಲಾ ವಿದ್ಯಾವರ್ಧಕ ಸಂಘ ಕಟ್ಟಿದರು. ಅದೇ ಈಗ ಬಿ.ಎಲ್.ಡಿ.ಇ. ಅಂತ ಕರೆಯುವ ಸಂಸ್ಥೆ. ಅದರಲ್ಲಿ ಈಗ ಶಾಲೆ, ಕಾಲೇಜು, ದವಾಖಾನೆ, ಡಾಕ್ಟರ್ ಕಲಿಯುವ ಕಾಲೇಜು ಎಲ್ಲಾ ಇವೆ. ನಮ್ಮ ಕಡೆಯ ರೋಗಿಗಳು ವಿಜಾಪುರದ ಬಿ.ಎಲ್.ಡಿ.ಇ. ದವಾಖಾನೆಗೆ ಹೋಗುತ್ತಾರಲ್ಲ, ಅದರ ಬೀಜ ಊರಿದವರಲ್ಲಿ ಹಳಕಟ್ಟಿಯವರೇ ಮುಖ್ಯರು.

1912ರಲ್ಲಿ ಸಿದ್ಧೇಶ್ವರ ಬ್ಯಾಂಕು ಶುರು ಮಾಡಿದರು. ಸಾಹುಕಾರರ ಬಡ್ಡಿಗೆ ಸಿಕ್ಕು ಹೊಲ ಕಳೆದುಕೊಳ್ಳುವ ಜನಕ್ಕೆ ಇಂಥ ಸಹಕಾರಿ ಬ್ಯಾಂಕು ಆಸರ ಆಗುತ್ತದೆ. ನೇಕಾರರಿಗೂ ರೈತರಿಗೂ ಸಹಕಾರಿ ಸಂಘ ಕಟ್ಟಲು ನೆರವಾದರು. ಬಿಜಾಪುರದ ನಗರಸಭೆಯಲ್ಲೂ ಕೆಲಸ ಮಾಡಿದರು. ಬ್ಯಾಂಕು ಕಟ್ಟಿದವರು ತಾವು ಮಾತ್ರ ಸಾಲದಲ್ಲೇ ಇದ್ದರು. ಇದು ನನಗೆ ಬಹಳ ವಿಚಿತ್ರ ಅನ್ನಿಸಿತು.

ಸನ್ಮಾನಗಳು

1926ರಲ್ಲಿ ಬಳ್ಳಾರಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದಕ್ಕೆ ಹಳಕಟ್ಟಿಯವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಕಥೆ ಕವನ ಬರೆದವರಿಗೆ ಸಿಗುವ ಗೌರವ ಹಳೆಯ ಕವಿಗಳನ್ನು ಉಳಿಸಿದವರಿಗೂ ಸಿಕ್ಕಿತು.

ಇನ್ನೊಂದು ಸಂಗತಿ ಹಿರಿಯರು ಹೇಳುತ್ತಾರೆ. ಒಮ್ಮೆ ದೊಡ್ಡ ಕವಿಗಳಾದ ಬಿ. ಎಂ. ಶ್ರೀಕಂಠಯ್ಯನವರು ಬಿಜಾಪುರಕ್ಕೆ ಬಂದಿದ್ದರಂತೆ. ಬಂದವರನ್ನು ಜನ ಮೊದಲು ಗೋಳಗುಮ್ಮಟ ನೋಡಲು ಕರೆದುಕೊಂಡು ಹೋಗುವದು ರೂಢಿ. ಆದರೆ ಅವರು ತಾನು ಮೊದಲು ವಚನದ ಗುಮ್ಮಟವನ್ನು ನೋಡಬೇಕು, ಆಮೇಲೆ ಕಲ್ಲಿನ ಗುಮ್ಮಟ ನೋಡುತ್ತೇನೆ ಎಂದು ಹೇಳಿ ಹಳಕಟ್ಟಿಯವರ ಮನೆಗೆ ಹೋದರಂತೆ. ಗೋಳಗುಮ್ಮಟದಲ್ಲಿ ಒಂದು ಸಲ ಕೂಗಿದರೆ ಏಳು ಸಲ ತಿರುಗಿ ಕೇಳಿಸುತ್ತದೆ ಅಂತಾರೆ. ಹಳಕಟ್ಟಿಯವರು ಮಾಡಿದ್ದೂ ಅದೇ ಅಲ್ಲವೇ? 12ನೆಯ ಶತಮಾನದ ದನಿ 20ನೆಯ ಶತಮಾನದಲ್ಲಿ ತಿರುಗಿ ಕೇಳಿಸುವ ಹಾಗೆ ಮಾಡಿದರು.

1956ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಿ.ಲಿಟ್. ಪದವಿ ಕೊಟ್ಟಿತು. ಅಂದಿನಿಂದ ಅವರು ಡಾ. ಹಳಕಟ್ಟಿ. ಅದೇ 1956ರ ನವೆಂಬರ್ 1ರಂದು ಹರಿದು ಹಂಚಿದ್ದ ಕನ್ನಡ ನಾಡು ಒಂದಾಯಿತು. ಆಗ ಮೈಸೂರು ರಾಜ್ಯ ಅಂತ ಹೆಸರು, 1973ರಲ್ಲಿ ಕರ್ನಾಟಕ ಆಯಿತು. ಮುಂಬಯಿಯಲ್ಲಿ ತರುಣನಾಗಿ ಕಂಡ ಕನಸು ಅವರ 76ನೆಯ ವರ್ಷಕ್ಕೆ ಕಣ್ಣೆದುರು ನಿಂತಿತು. ಹೊಸ ರಾಜ್ಯದ ಮಕ್ಕಳಿಗೆ ಪಾಠದ ಪುಸ್ತಕದಲ್ಲಿ ಹಾಕಲು ವಚನಗಳು ಸಿದ್ಧವಾಗಿದ್ದವು. ಯಾಕೆಂದರೆ ಒಬ್ಬರು 30 ವರ್ಷ ಮೊದಲೇ ಅವನ್ನು ಅಚ್ಚು ಹಾಕಿ ಇಟ್ಟಿದ್ದರು.

ಕೊನೆಯ ದಿನಗಳು

1964ರ ಜೂನ್ 29ರಂದು ಹಳಕಟ್ಟಿಯವರು ಬಿಜಾಪುರದಲ್ಲಿ ತೀರಿಕೊಂಡರು. ಇನ್ನು ಮೂರು ದಿನ ಕಳೆದಿದ್ದರೆ 84 ವರ್ಷ ತುಂಬುತ್ತಿತ್ತು.

ಅವರು ಬಿಟ್ಟು ಹೋದದ್ದು ಹೊಲ ಮನೆ ಅಲ್ಲ, ಪುಸ್ತಕಗಳು. ಅವರು ಹಾಕಿದ ದಾರಿಯಲ್ಲಿ ಮುಂದೆ ಬಹಳ ವಿದ್ವಾಂಸರು ನಡೆದರು. 1993ರಲ್ಲಿ ಕರ್ನಾಟಕ ಸರಕಾರ ಎಲ್ಲಾ ವಚನಗಳನ್ನು ಸೇರಿಸಿ 15 ಸಂಪುಟ ಪ್ರಕಟಿಸಿತು. ವಿಜಾಪುರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ಇದೆ, ಇಂಜಿನಿಯರಿಂಗ್ ಕಾಲೇಜು ಇದೆ. ಅವರು ಹುಟ್ಟಿದ ಜುಲೈ 2ನ್ನು ಸರಕಾರ ವಚನ ಸಾಹಿತ್ಯ ಸಂರಕ್ಷಣಾ ದಿನ ಅಂತ ಆಚರಿಸುತ್ತದೆ.

ನೆನಪಿಡಬೇಕಾದ ಇಸವಿಗಳು (ಪರೀಕ್ಷೆಗೂ ಉಪಯೋಗ)

1880 - ಧಾರವಾಡದಲ್ಲಿ ಜನನ
1904 - ವಕೀಲಿ ಆರಂಭ
1910 - ವಿದ್ಯಾವರ್ಧಕ ಸಂಘ
1912 - ಸಿದ್ಧೇಶ್ವರ ಬ್ಯಾಂಕು
1923 - ವಚನಶಾಸ್ತ್ರಸಾರ ಮೊದಲ ಭಾಗ
1925 - ಹಿತಚಿಂತಕ ಮುದ್ರಣಾಲಯ
1926 - ಶಿವಾನುಭವ ಪತ್ರಿಕೆ, ಬಳ್ಳಾರಿ ಸಮ್ಮೇಳನದ ಅಧ್ಯಕ್ಷತೆ
1956 - ಗೌರವ ಡಿ.ಲಿಟ್.
1964 - ನಿಧನ

ನನಗೆ ಅನ್ನಿಸಿದ್ದು

ಅವ್ವನ ಪ್ರಶ್ನೆಗೆ ನನ್ನ ಹತ್ತಿರ ಇನ್ನೂ ಪೂರ್ತಿ ಉತ್ತರ ಇಲ್ಲ. ಆದರೆ ಒಂದು ವಿಚಾರ ಬಂದಿದೆ. ನಮ್ಮ ಈ ಗೋಡೆ ಪತ್ರಿಕೆ ಒಂದೇ ಪ್ರತಿ. ಕೈಯಿಂದ ಬರೆದದ್ದು. ಜೋರು ಮಳೆ ಬಂದು ಗೋಡೆ ತೊಯ್ದರೆ ಹೋತು. ಮುಂದಿನ ತಿಂಗಳು ಹೊಸ ಹಾಳೆ ಹಚ್ಚಿದರೆ ಹಳೆಯದು ಎಲ್ಲಿ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ಒಂದೇ ಪ್ರತಿ ಇದ್ದದ್ದು ಯಾವಾಗಲೂ ಅಪಾಯದಲ್ಲೇ ಇರುತ್ತದೆ. ಓಲೆಗರಿಯ ವಚನಗಳೂ ಹಾಗೇ ಇದ್ದವು. ಒಂದನ್ನು ಸಾವಿರ ಮಾಡಿದರೆ ಮಾತ್ರ ಅದು ಉಳಿಯುತ್ತದೆ. ಮನೆಯಾದರೆ ಇನ್ನೊಂದು ಕಟ್ಟಬಹುದು, ಬಾಡಿಗೆಯಾದರೂ ಸಿಗುತ್ತದೆ. ಆಯ್ದಕ್ಕಿ ಲಕ್ಕಮ್ಮನ ವಚನ ಹೋದರೆ ಅದನ್ನು ಬಾಡಿಗೆಗೆ ಎಲ್ಲಿ ತರುವದು? ಹಳಕಟ್ಟಿಯವರು ಹೀಗೆ ಲೆಕ್ಕ ಹಾಕಿರಬಹುದು ಎಂದು ನನಗೆ ಅನ್ನಿಸುತ್ತದೆ. ಇದನ್ನು ಹೇಳಿದಾಗ ಅವ್ವ ಏನೂ ಅನ್ನಲಿಲ್ಲ. ಆ ಲಕ್ಕಮ್ಮ ಯಾರು, ಆಕಿ ಏನು ಹೇಳ್ಯಾಳ, ಓದು ಅಂದಳು. ಓದಿ ತೋರಿಸಿದೆ.

ಗೆಳೆಯರೆ, ಗೆಳತಿಯರೆ, ನನ್ನದೊಂದು ವಿನಂತಿ ಇದೆ. ನಿಮ್ಮ ಮನೆಯ ಜಗಲಿ ಮೇಲೆ, ಮಾಡದಲ್ಲಿ, ಅಟ್ಟದಲ್ಲಿ ಹಳೆಯ ಕಟ್ಟು, ಹಳೆಯ ವಹಿ, ಅಜ್ಜ ಬರೆದಿಟ್ಟ ಹಾಡಿನ ಪುಸ್ತಕ ಏನಾದರೂ ಇದ್ದರೆ ದೀಪಾವಳಿಗೆ ಮನೆ ಸಾರಿಸುವಾಗ ಒಗೆಯಬೇಡಿರಿ, ಹೊಳೆಗೂ ಬಿಡಬೇಡಿರಿ. ಹಿರಿಯರನ್ನು ಕೇಳಿ, ಮೆಲ್ಲಗೆ ಬಿಚ್ಚಿ ನೋಡಿರಿ. ಓದಲು ಬರದಿದ್ದರೆ ನಮ್ಮ ಗುರುಗಳಿಗೆ ತೋರಿಸಿರಿ. ನಿಮ್ಮ ಅಜ್ಜಿ ಬೀಸುವಾಗ, ಕುಟ್ಟುವಾಗ ಹಾಡುವ ಹಾಡು ಇದ್ದರೆ ಒಂದು ಪಟ್ಟಿಯಲ್ಲಿ ಬರೆದುಕೊಳ್ಳಿರಿ. ಅದು ಈಗ ಒಂದೇ ಪ್ರತಿ, ಅದೂ ಅಜ್ಜಿಯ ನೆನಪಿನಲ್ಲಿ ಮಾತ್ರ ಇದೆ.

ಮುಂದಿನ ಗೋಡೆ ಪತ್ರಿಕೆಗೆ ಅಂಥ ಹಾಡುಗಳನ್ನು ಬರೆದು ತಂದುಕೊಡಿರಿ. ನಾನು ಮತ್ತು ನನ್ನ ಗೆಳತಿಯರು ದುಂಡಗೆ ಬರೆದು ಎರಡು ಪ್ರತಿ ಮಾಡುತ್ತೇವೆ. ಒಂದು ಗೋಡೆಗೆ, ಒಂದು ಶಾಲೆಯ ಕಪಾಟಿಗೆ.

ಇಂತಿ ನಿಮ್ಮ ಗೆಳತಿ,
7ನೆಯ ತರಗತಿ, ಮರೋಳ